ಸಭೆ ಬಿಟ್ಟ ಮೇಲೆ ಜೊತೆಗೆ ಯಾರಿದ್ದಾರೆ? ಮಲೆನಾಡಿನವರಿಗೆ ಹಂತ ಹಂತದ ದಾರಿ

"ಸಭೆ ಬಿಟ್ಟೆ. ಈಗ ಮಾತಾಡೋಕೆ ಒಬ್ಬರೂ ಇಲ್ಲ. ಏನು ಮಾಡಲಿ?" ಭದ್ರಾವತಿಯಿಂದ, ಸಾಗರದಿಂದ, ತೀರ್ಥಹಳ್ಳಿ ಕಡೆಯ ಒಂಟಿ ಮನೆಗಳಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು, ನನಗೆ ತಿಳಿದಷ್ಟನ್ನು ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ. ಸಭೆ ಅಂದರೆ ಇಲ್ಲಿ ಕಟ್ಟುನಿಟ್ಟಿನ ಕ್ರೈಸ್ತ ಸಭೆ, ಅಂದರೆ ಚರ್ಚು. ನಾನೂ ಅಂಥದೇ ಒಂದು ಸಭೆಯಲ್ಲಿ ಬೆಳೆದು ಹೊರಗೆ ಬಂದವರಲ್ಲಿ ಒಬ್ಬ.

ಮೊದಲು ಒಂದು ಮಾತು. ಇದು ಯೇಸುವಿನ ವಿರುದ್ಧದ ಲೇಖನ ಅಲ್ಲ, ಕ್ರೈಸ್ತರ ವಿರುದ್ಧವೂ ಅಲ್ಲ. ಕಟ್ಟುನಿಟ್ಟಿನ ಸಭೆ ಅಂದಾಗ ನಾನು ಹೇಳುತ್ತಿರುವುದು ಇಂಥವನ್ನು: ಬೈಬಲಿನ ಒಂದೊಂದು ಅಕ್ಷರವೂ ಹಾಗೆ ಹಾಗೇ ಸತ್ಯ, ಪಾಸ್ಟರ್ ಹೇಳಿದ್ದೇ ಅದರ ಅರ್ಥ, ಪ್ರಶ್ನೆ ಕೇಳಿದರೆ ಸೈತಾನ ಹೊಕ್ಕಿದ್ದಾನೆ, ಹೊರಗಿನವರೆಲ್ಲ 'ಲೋಕದವರು', ಬಿಟ್ಟು ಹೋದವನು 'ಹಿಂಜಾರಿದವನು'. ಇಂಗ್ಲಿಷಿನಲ್ಲಿ ಇದಕ್ಕೆ ಫಂಡಮೆಂಟಲಿಸಂ ಅನ್ನುತ್ತಾರೆ. ಅಮೆರಿಕದಲ್ಲಿ 1910ರಿಂದ 1915ರವರೆಗೆ 'ದ ಫಂಡಮೆಂಟಲ್ಸ್' ಅಂತ ಪುಸ್ತಿಕೆಗಳ ಸಾಲು ಬಂತು, ಹೆಸರು ಅಲ್ಲಿಂದ ಹುಟ್ಟಿತು. ಎಲ್ಲ ಚರ್ಚುಗಳೂ ಹೀಗಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸಭೆ ಬಿಟ್ಟವರು ಹೆಚ್ಚಿನವರು ಮಾಡುವ ತಪ್ಪು, ಅದರ ಜಾಗಕ್ಕೆ ಇನ್ನೊಂದು ಸಭೆ ಹುಡುಕುವುದು. ಅದೇ ಬಿಸಿ, ಅದೇ ಅಪ್ಪುಗೆ, ಎಲ್ಲ ಪ್ರಶ್ನೆಗೂ ಉತ್ತರ ಇರುವ ಇನ್ನೊಬ್ಬ ಗುರು. ಹಾಗೆ ಹುಡುಕಬೇಡಿ. ನಿಮಗೆ ಬೇಕಾಗಿರುವುದು ಐದು ಜನ. ಐವರೂ ಒಂದೇ ಕಡೆಯವರಾಗಿರಬಾರದು.

1. ಯಾರಿಗಾದರೂ ಹೇಳುವ ಮೊದಲು ಕಾಲೂರಲು ಜಾಗ ಮಾಡಿಕೊಳ್ಳಿ

ಬಿಡುವ ನಿರ್ಧಾರ ಆದ ದಿನವೇ ವಾಟ್ಸಾಪ್ ಗ್ರೂಪಿನಲ್ಲಿ ಉದ್ದದ ಪತ್ರ ಬರೆಯಬೇಕು ಅನ್ನಿಸುತ್ತದೆ. ಬರೆದಿಟ್ಟುಕೊಳ್ಳಿ, ಕಳಿಸಬೇಡಿ. ಅರ್ಧ ಗಂಟೆಯಲ್ಲಿ ಅದು ಪಾಸ್ಟರ್ ಕೈಯಲ್ಲಿರುತ್ತದೆ, ಸಂಜೆಗೆ ನಾಲ್ಕು ಜನ ಮನೆಗೆ ಬಂದು ನಿಮ್ಮ ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಶುರು ಮಾಡುತ್ತಾರೆ.

ಮೊದಲು ಇವನ್ನು ನೋಡಿಕೊಳ್ಳಿ. ಮನೆ ಯಾರ ಹೆಸರಿನಲ್ಲಿದೆ? ಕೆಲಸ ಸಭೆಯವರ ಅಂಗಡಿಯಲ್ಲೋ ಶಾಲೆಯಲ್ಲೋ ಇದೆಯಾ? ಫೀಸು ಕಟ್ಟುವವರು ಯಾರು? ಆಧಾರ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ನಿಮ್ಮ ಕೈಯಲ್ಲಿವೆಯಾ? ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರ್ ನಿಮ್ಮದೇನಾ? ವಾಟ್ಸಾಪಿನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದು ಬೇರೆ ಯಾವುದಾದರೂ ಕಂಪ್ಯೂಟರಿನಲ್ಲಿ ನಿಮ್ಮ ಮೆಸೇಜ್ ಕಾಣುತ್ತಿದೆಯಾ ನೋಡಿ. ಮನೆಯವರೆಲ್ಲ ಒಂದೇ ಫೋನ್ ಬಳಸುವುದಾದರೆ ಈ ವಿಷಯದ ಮಾತು ಅದರಲ್ಲಿ ಬೇಡವೇ ಬೇಡ.

ನೀವು ಇನ್ನೂ ಓದುತ್ತಿದ್ದು, ಅಪ್ಪ ಅಮ್ಮನ ದುಡ್ಡಿನಲ್ಲಿದ್ದರೆ, ಇನ್ನೊಂದು ವರ್ಷ ಸುಮ್ನೆ ಭಾನುವಾರ ಹೋಗಿ ಕೂತು ಬರುವುದು ಹೇಡಿತನ ಅಲ್ಲ. ಡಿಗ್ರಿ ಮುಗಿಯಲಿ. ಇದನ್ನು ಓದಿ ಕೆಲವರು ಸಿಟ್ಟಾಗಬಹುದು. ಆದರೆ ಮಳೆಗಾಲದ ನಡುವೆ ಮನೆಯಿಂದ ಹೊರಬಿದ್ದು ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗ್ ಹಿಡಿದು ಕೂತವರನ್ನು ನಾನು ನೋಡಿದ್ದೇನೆ.

ಹೊಡೆತ, ಕೂಡಿಹಾಕುವುದು, ಔಷಧಿ ಕಿತ್ತುಕೊಳ್ಳುವುದು ನಡೆಯುತ್ತಿದ್ದರೆ ಮಾತ್ರ ಕಾಯಬೇಡಿ. ತುರ್ತಿಗೆ 112. ಹೆಣ್ಣುಮಕ್ಕಳಿಗೆ 181. ಹದಿನೆಂಟು ತುಂಬದವರಿಗೆ 1098.

2. ಸಭೆ ನಿಮಗೆ ಏನೇನು ಕೊಡುತ್ತಿತ್ತು, ಬರೆಯಿರಿ

ಒಂದು ನೋಟ್‌ಬುಕ್ ತಗೊಳ್ಳಿ. ಮಧ್ಯೆ ಗೆರೆ ಎಳೆಯಿರಿ. ಎಡಗಡೆ ಸಭೆ ಕೊಡುತ್ತಿದ್ದದ್ದು, ಬಲಗಡೆ ಅದು ಈಗ ಎಲ್ಲಿಂದ ಸಿಗಬಹುದು ಅನ್ನುವುದು. 'ಪ್ರೀತಿ', 'ಶಾಂತಿ' ಅಂತ ದೊಡ್ಡ ಮಾತು ಬರೆಯಬೇಡಿ. ಸಣ್ಣದಾಗಿ, ಕಣ್ಣಿಗೆ ಕಾಣುವ ಹಾಗೆ ಬರೆಯಿರಿ. ನನ್ನ ಹಾಳೆಯ ಎಡಗಡೆ ಹೀಗಿತ್ತು:

ಭಾನುವಾರ ಹತ್ತು ಗಂಟೆಗೆ ಹೋಗಲು ಒಂದು ಜಾಗ. ಹಾಡುವುದು, ಅದೂ ಜೋರಾಗಿ. ನನ್ನ ಟ್ಯಾಂಬೊರಿನ್ ತಟ್ಟುವ ಕೆಲಸ. ಜ್ವರ ಬಂದರೆ ಗಂಜಿ ತರುವ ಸಿಸ್ಟರ್. ಅಪ್ಪನ ಆಪರೇಷನ್ನಿಗೆ ರಕ್ತ ಕೊಟ್ಟ ಮೂವರು ಬ್ರದರ್‌ಗಳು. ರಾತ್ರಿ ಭಯವಾದರೆ ಹೇಳಿಕೊಳ್ಳಲು ಒಂದು ಪ್ರಾರ್ಥನೆ. ವಧು ವರರ ಹುಡುಕಾಟ. ಸತ್ತರೆ ಹೂಳಲು ಜಾಗ.

ಬರೆದು ಮುಗಿಸಿದಾಗ ಅಳು ಬರುತ್ತದೆ. ಬರಲಿ. ಆ ಗಂಜಿ ಸುಳ್ಳಲ್ಲ. ತಂದುಕೊಟ್ಟ ಕೈಯ ಪ್ರೀತಿಯೂ ಸುಳ್ಳಲ್ಲ. ಸಭೆಯ ಬೋಧನೆ ತಪ್ಪು ಅಂತ ತೀರ್ಮಾನಿಸಿದವರು ಅಲ್ಲಿ ಸಿಕ್ಕ ಒಳ್ಳೆಯದನ್ನೂ ತಪ್ಪು ಅಂತ ಹೊಡೆದುಹಾಕಲು ಹೋಗುತ್ತಾರೆ. ಆಮೇಲೆ ತಮಗೆ ಯಾಕೆ ಇಷ್ಟು ದುಃಖ ಅಂತ ತಿಳಿಯದೆ ಒದ್ದಾಡುತ್ತಾರೆ. ನೀವು ಕಳೆದುಕೊಂಡದ್ದು ನಿಜವಾದ ವಸ್ತು. ಅದಕ್ಕೇ ಪಟ್ಟಿ ಬೇಕು.

ಬಲಗಡೆ ತುಂಬಲು ಒಂದೆರಡು ವರ್ಷ ಹಿಡಿಯುತ್ತದೆ. ಒಂದೊಂದು ಸಾಲಿಗೂ ಬೇರೆ ಬೇರೆ ಜನ, ಬೇರೆ ಬೇರೆ ಜಾಗ ಸಿಗುತ್ತದೆ. ಹಾಗಿರುವುದೇ ಒಳ್ಳೆಯದು. ಎಲ್ಲವೂ ಒಂದೇ ಬಾಗಿಲಿನಿಂದ ಬರುತ್ತಿದ್ದದ್ದಕ್ಕೇ ಆ ಬಾಗಿಲು ಮುಚ್ಚಿದಾಗ ಎಲ್ಲವೂ ಹೋಯಿತು, ಅಲ್ವಾ?

3. ಮೊದಲು ಒಬ್ಬರು

ಗುಂಪು ಆಮೇಲೆ. ಮೊದಲು ಒಬ್ಬರು ಸಾಕು. ಅವರಿಗೆ ಧರ್ಮಶಾಸ್ತ್ರ ಗೊತ್ತಿರಬೇಕಿಲ್ಲ. ನಿಮ್ಮ ಮಾತು ಕೇಳಿ ಇನ್ನೊಬ್ಬರಿಗೆ ಹೇಳದವರಾದರೆ ಸಾಕು. ಹಳೇ ಸ್ಕೂಲ್ ಫ್ರೆಂಡ್ ಆಗಬಹುದು. 'ಲೋಕದವಳು' ಅಂತ ನೀವೇ ದೂರ ಮಾಡಿದ್ದ ಚಿಕ್ಕಮ್ಮ ಆಗಬಹುದು. ಸಭೆಯನ್ನು ನಿಮಗಿಂತ ಮೊದಲೇ ಬಿಟ್ಟವರು ಊರಲ್ಲಿ ಇದ್ದೇ ಇರುತ್ತಾರೆ. "ಅವರ ಜೊತೆ ಮಾತಾಡಬೇಡಿ" ಅಂತ ನಿಮಗೆ ಹೇಳಿದ್ದರಲ್ಲ, ಆ ಹೆಸರುಗಳನ್ನು ನೆನಪು ಮಾಡಿಕೊಳ್ಳಿ.

ಪರೀಕ್ಷೆ ಮಾಡುವ ಬಗೆ ಹೀಗೆ. ಮೊದಲು ಒಂದು ಸಣ್ಣ ವಿಷಯ ಹೇಳಿ. "ಇತ್ತೀಚೆಗೆ ಭಾನುವಾರ ಹೋಗ್ತಿಲ್ಲ" ಅಂದರೆ ಸಾಕು. ಎರಡು ವಾರ ಬಿಡಿ. ಆ ಮಾತು ಸುತ್ತಿ ನಿಮ್ಮ ಅಮ್ಮನ ಕಿವಿಗೆ ಬೀಳದಿದ್ದರೆ ಮುಂದಿನದು ಹೇಳಬಹುದು.

ಹಳೇ ಗೆಳೆಯರ ಹತ್ತಿರ ಹೋಗಲು ನಾಚಿಕೆ ಆಗುತ್ತದೆ. ಅವರ ಮದುವೆ ಊಟಕ್ಕೆ ಹೋಗಿರಲಿಲ್ಲ, ಕೊಟ್ಟ ಪ್ರಸಾದ ಮುಟ್ಟಿರಲಿಲ್ಲ, "ನೀನು ನರಕಕ್ಕೆ ಹೋಗ್ತೀಯ" ಅಂತ ಹದಿನೈದನೇ ವಯಸ್ಸಿನಲ್ಲಿ ಮುಖಕ್ಕೇ ಹೇಳಿದ್ದೆವು. ನಾನು ಹಾಗೆ ಹೇಳಿದ್ದ ಗೆಳೆಯನ ಮನೆಗೆ ಹನ್ನೊಂದು ವರ್ಷದ ಮೇಲೆ ಹೋದೆ. ಬಾಯಿ ತೆರೆಯುವ ಮೊದಲೇ ಅವನ ತಾಯಿ "ಬಾರೋ, ಕಡುಬು ಆಗಿದೆ, ಕೂತ್ಕೋ" ಅಂದರು. ಕ್ಷಮೆ ಕೇಳುವುದಿದ್ದರೆ ಒಂದೇ ಮಾತಿನಲ್ಲಿ ಕೇಳಿ. ಉದ್ದ ಮಾಡಬೇಡಿ.

4. ಭಯಕ್ಕೆ ಸಹಾಯ ತಗೊಳ್ಳಿ

ತಲೆ ಒಪ್ಪುವುದಿಲ್ಲ, ಮೈ ಮಾತ್ರ ನಡುಗುತ್ತದೆ. ಇದು ಬಹಳ ಜನರಿಗೆ ಆಗುತ್ತದೆ. ಸಂಜೆ ಮನೆಗೆ ಬರುತ್ತೀರಿ. ಬಾಗಿಲು ತೆರೆದಿದೆ. ಲೈಟ್ ಉರಿಯುತ್ತಿದೆ. ಒಲೆ ಮೇಲೆ ಕುಕ್ಕರ್ ಕೂಗುತ್ತಿದೆ. ಮನೆಯಲ್ಲಿ ಯಾರೂ ಇಲ್ಲ. ಎದೆ ಡವಡವ ಹೊಡೆದುಕೊಳ್ಳುತ್ತದೆ, 'ಎಲ್ಲರೂ ಮೇಲೆ ಹೋದರು, ನಾನೊಬ್ಬ ಉಳಿದೆ' ಅಂತ. ಅಷ್ಟರಲ್ಲಿ ಅಮ್ಮ ಹಿತ್ತಲಿಂದ ಕೊತ್ತಂಬರಿ ಹಿಡಿದು ಬರುತ್ತಾಳೆ.

ಇದರ ಹೆಸರು ರ‍್ಯಾಪ್ಚರ್ ಭಯ. ರ‍್ಯಾಪ್ಚರ್ ಅಂದರೆ, ಕರ್ತನು ಬಂದು ತನ್ನವರನ್ನು ಮಾತ್ರ ದಿಢೀರನೆ ಮೇಲಕ್ಕೆ ಒಯ್ದು, ಉಳಿದವರನ್ನು ಮಹಾ ಸಂಕಟಕ್ಕೆ ಬಿಡುತ್ತಾನೆ ಅನ್ನುವ ಬೋಧನೆ. ನಮಗೆ ಇದನ್ನು ಎರಡು ಸಾವಿರ ವರ್ಷದ ಸತ್ಯ ಅಂತ ಹೇಳಿಕೊಟ್ಟರು. ಆದರೆ ಈ ರೂಪದಲ್ಲಿ ಅದನ್ನು ಹರಡಿದವರು ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರು, 1830ರ ದಶಕದಿಂದ ಈಚೆಗೆ. 1909ರಲ್ಲಿ ಸ್ಕೋಫೀಲ್ಡ್ ಎಂಬವರ ಟಿಪ್ಪಣಿಗಳಿದ್ದ ಬೈಬಲ್ ಅಚ್ಚಾದ ಮೇಲೆ ಅಮೆರಿಕದ ಮನೆಮನೆಗೆ ಹೋಯಿತು. ಕ್ಯಾಥೊಲಿಕರು, ಆರ್ಥೊಡಾಕ್ಸ್ ಕ್ರೈಸ್ತರು ಇದನ್ನು ಬೋಧಿಸುವುದೇ ಇಲ್ಲ. ಭಯಕ್ಕೂ ಒಂದು ಹುಟ್ಟಿದ ಇಸವಿ ಇದೆ ಅಂತ ಗೊತ್ತಾದ ದಿನ ನನಗೆ ಒಂದಿಷ್ಟು ನಿದ್ದೆ ಬಂತು.

ಪೂರ್ತಿ ಹೋಗಲು ಓದು ಸಾಲದು. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಕೈಕಾಲು ನಡುಕ, ಹಾಡು ಕೇಳಿದರೆ ಅಳು ಇದ್ದರೆ ಆಪ್ತಸಮಾಲೋಚಕರನ್ನು, ಅಂದರೆ ಕೌನ್ಸೆಲರ್‌ಗಳನ್ನು ನೋಡಿ.

ಸುಲಭದ ದಾರಿ 14416. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಗುಡ್ಡದ ಮೇಲಿನ ಆ ಒಂದು ಜಾಗ ಇರುತ್ತದಲ್ಲ, ಅಲ್ಲಿಗೆ ಹೋಗಿ ಮಾಡಿ. ಯಾರೂ ಕೇಳಿಸಿಕೊಳ್ಳುವುದೂ ಇಲ್ಲ.

ಎದುರು ಕೂತು ಮಾತಾಡಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ವಿಭಾಗದ ಹೆಸರು ನೋಡಿ ಹೆದರಬೇಡಿ. ನಿಮಗೆ ಹುಚ್ಚು ಅಂತ ಅರ್ಥ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ವಿಷಯ ಗುಟ್ಟಾಗಿಡುವುದು ಅವರ ಕರ್ತವ್ಯ.

ಅಲ್ಲಿ ಏನು ಹೇಳಬೇಕು? ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಇಡೀ ಬೈಬಲ್ ಬಿಚ್ಚಿಡುತ್ತಾರೆ, ಹತ್ತು ನಿಮಿಷ ಮುಗಿದುಹೋಗುತ್ತದೆ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಎಷ್ಟು ದಿನದಿಂದ ನಿದ್ದೆ ಇಲ್ಲ, ಯಾವಾಗ ಭಯ ಜಾಸ್ತಿ, ಸಾಯಬೇಕು ಅನ್ನಿಸಿದೆಯಾ. ಕೊನೆಗೆ "ನಾನು ಬೆಳೆದ ಸಭೆಯನ್ನು ಬಿಟ್ಟಿದ್ದೇನೆ, ಅದಾದ ಮೇಲೆ ಹೀಗೆ" ಅನ್ನಿ. ಮನಶ್ಶಾಸ್ತ್ರಜ್ಞೆ ಮಾರ್ಲೀನ್ ವಿನೆಲ್ 2011ರಲ್ಲಿ ಇದಕ್ಕೆ 'ರಿಲಿಜಸ್ ಟ್ರಾಮಾ ಸಿಂಡ್ರೋಮ್' ಅಂತ ಹೆಸರಿಟ್ಟರು. ಧರ್ಮದ ಹೆಸರಿನಲ್ಲಿ ಆದ ಗಾಯ ಅಂತ ಇಟ್ಟುಕೊಳ್ಳಿ. ವೈದ್ಯರ ಅಧಿಕೃತ ಕಾಯಿಲೆಗಳ ಪಟ್ಟಿಯಲ್ಲಿ ಅದು ಇಲ್ಲ. ಹಾಗಾಗಿ ಆ ಹೆಸರು ಹಿಡಿದು ವಾದ ಮಾಡಬೇಡಿ, ನಿಮಗೆ ಆಗುತ್ತಿರುವುದನ್ನು ಹೇಳಿ.

ಎರಡು ಎಚ್ಚರಿಕೆ. ಕೌನ್ಸೆಲರ್ ಬೋರ್ಡ್ ಹಾಕಿಕೊಂಡ ಕೆಲವರು ಸಭೆಯವರೇ ಆಗಿರಬಹುದು. "ನಾನು ಹೇಳಿದ್ದು ಯಾರಿಗೂ ಹೇಳುವುದಿಲ್ಲ ಅಲ್ವಾ? ನೀವು ಎಲ್ಲಿ ಓದಿದ್ದು?" ಅಂತ ಮೊದಲ ದಿನವೇ ಕೇಳಿ. ಪ್ರಾರ್ಥನೆ ಮಾಡೋಣ ಅಂದರೂ, ಅದರ ಬದಲು ಒಂದು ಹೋಮ ಮಾಡಿಸಿ ಅಂದರೂ, ಎದ್ದು ಬನ್ನಿ. ಇನ್ನೊಂದು, ಸಾಯುವ ಯೋಚನೆ ಬರುತ್ತಿದ್ದರೆ ಈ ಲೇಖನ ಇಲ್ಲೇ ನಿಲ್ಲಿಸಿ 14416ಕ್ಕೆ ಫೋನ್ ಮಾಡಿ. ಉಳಿದದ್ದನ್ನು ನಾಳೆ ಓದಿ.

5. ಭಾನುವಾರ ಹೋಗಲು ಜಾಗ

ಭಾನುವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ. ಮೊದಲ ಆರು ತಿಂಗಳು ಆ ಮೂರು ಗಂಟೆ ಬೆಟ್ಟದಷ್ಟಾಗುತ್ತದೆ. ಮನೆಯಲ್ಲಿ ಒಬ್ಬರೇ ಕೂರಬೇಡಿ. ಕೈಗೆ ಕೆಲಸ ಇರುವ, ನಾಲ್ಕು ಜನ ಇರುವ ಕಡೆ ಹೋಗಿ.

ಮಲೆನಾಡಿನಲ್ಲಿ ಇದಕ್ಕೆ ಬರ ಇಲ್ಲ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ಇದೆ. ಅಲ್ಲಿ ನಾಟಕ ನೋಡಬಹುದು, ಶಿಬಿರ ಇದ್ದಾಗ ಸೇರಬಹುದು. ಅಲ್ಲಿನ ಜನ ಊಟಕ್ಕೆ ಕೂತಾಗಲೂ ವಾದ ಮಾಡುತ್ತಾರೆ, ವಾದ ಮುಗಿದ ಮೇಲೂ ಜೊತೆಗೇ ಕಾಫಿ ಕುಡಿಯುತ್ತಾರೆ. ನಮ್ಮಂಥವರು ಅದನ್ನು ಕಣ್ಣಾರೆ ನೋಡಬೇಕು. ಭಿನ್ನಾಭಿಪ್ರಾಯ ಬಂದರೆ ಸಂಬಂಧ ಮುರಿಯುತ್ತದೆ ಅಂತಲೇ ನಾವು ಕಲಿತಿರುವುದು. ಶಿವಮೊಗ್ಗದಲ್ಲಿ ಕರ್ನಾಟಕ ಸಂಘ 1930ರಿಂದ ಇದೆ, ಪುಸ್ತಕ, ಭಾಷಣ ಅಂತ ಏನಾದರೂ ನಡೆಯುತ್ತಿರುತ್ತದೆ. ಹವ್ಯಾಸಿ ನಾಟಕ ತಂಡಗಳಿವೆ, ಚಾರಣದವರಿದ್ದಾರೆ, ರಕ್ತದಾನ ಶಿಬಿರ ನಡೆಸುವವರಿದ್ದಾರೆ. ಹಳ್ಳಿಯಲ್ಲಿದ್ದರೆ ಸ್ತ್ರೀಶಕ್ತಿ ಸಂಘ, ಯುವಕ ಸಂಘ, ಊರಿನ ಶ್ರಮದಾನ. ಗದ್ದೆ ನಾಟಿಗೆ, ಅಡಿಕೆ ಸುಲಿಯಲು ಮುಯ್ಯಾಳಾಗಿ ಹೋಗಿ. ಅಡಿಕೆ ಸುಲಿಯುತ್ತಾ ರಾತ್ರಿ ಹನ್ನೊಂದರವರೆಗೆ ಕೂತರೆ ಊರಿನ ಅರ್ಧ ಜನ ನಿಮ್ಮವರಾಗಿರುತ್ತಾರೆ, ಯಾರೂ ನಿಮ್ಮ ನಂಬಿಕೆ ಏನು ಅಂತ ಕೇಳಿರುವುದಿಲ್ಲ.

ಹಾಡು ತಪ್ಪಿಹೋಗಿದ್ದಕ್ಕೆ ಸಂಕಟ ಪಡುವವರು ಜಾಸ್ತಿ. ಸುಗಮ ಸಂಗೀತದ ಕ್ಲಾಸಿಗೆ ಸೇರಿ. ದನಿ ನಿಮ್ಮದು, ಸಭೆಯದಲ್ಲ.

ಯೇಸುವಿನ ಮೇಲೆ ಇನ್ನೂ ಪ್ರೀತಿ ಇದ್ದು, ಹೆದರಿಕೆ ಮಾತ್ರ ಬೇಡ ಅನ್ನುವವರು ನಿಮ್ಮಲ್ಲಿ ಇರಬಹುದು. ಅವರಿಗೆ ಬೇರೆ ಚರ್ಚುಗಳಿವೆ. ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಪೂಜೆ ಇಲ್ಲದ ಹೊತ್ತಿಗೆ ಹೋಗಿ ಹತ್ತು ನಿಮಿಷ ಸುಮ್ಮನೆ ಕೂತು ಬನ್ನಿ. ಆರು ತಿಂಗಳು ಯಾವ ಸದಸ್ಯತ್ವವನ್ನೂ ತಗೊಳ್ಳಬೇಡಿ. ದಶಮಾಂಶ, ಅಂದರೆ ಸಂಬಳದ ಹತ್ತನೇ ಒಂದು ಪಾಲು, ಯಾರಿಗೂ ಬರೆದುಕೊಡಬೇಡಿ.

ಊರಲ್ಲಿ ಯಾರೂ ಸಿಗದವರಿಗೆ ಇಂಟರ್‌ನೆಟ್ ಇದೆ. 'ರಿಕವರಿಂಗ್ ಫ್ರಮ್ ರಿಲಿಜನ್' ಅನ್ನುವ ಅಮೆರಿಕದ ಸಂಸ್ಥೆ 2009ರಿಂದ ಕೆಲಸ ಮಾಡುತ್ತಿದೆ, ಅವರ ಸ್ವಯಂಸೇವಕರ ಜೊತೆ ಚಾಟ್ ಮಾಡಬಹುದು. ಇಂಗ್ಲಿಷ್ ಬೇಕು. ಅವರು ನಿಮ್ಮನ್ನು ನಾಸ್ತಿಕರಾಗಿ ಅಂತ ಒತ್ತಾಯಿಸುವುದಿಲ್ಲ. ಎಲ್ಲೇ ಸೇರಿದರೂ ಬೇರೆ ಹೆಸರು, ಬೇರೆ ಇಮೇಲ್ ಇಟ್ಟುಕೊಳ್ಳಿ. ಊರಿನ ಹೆಸರು, ಪಾಸ್ಟರ್ ಹೆಸರು ಹಾಕಬೇಡಿ. ಇಡೀ ದಿನ ಸಭೆಯನ್ನು ಬೈಯುವುದಷ್ಟೇ ನಡೆಯುವ ಗುಂಪು ಮೊದಲ ತಿಂಗಳು ಹಿತವಾಗಿರುತ್ತದೆ, ಆಮೇಲೆ ನಿಮ್ಮನ್ನು ಅಲ್ಲೇ ಹಿಡಿದಿಡುತ್ತದೆ.

6. ಮನೆಯವರು

ಅಮ್ಮ ನಿಮಗೋಸ್ಕರ ಉಪವಾಸ ಇರುತ್ತಾಳೆ. ಇದನ್ನು ಹೇಗೆ ಎದುರಿಸುವುದು ಅಂತಲೇ ಅತಿ ಹೆಚ್ಚು ಜನ ಕೇಳುವುದು. ಆಕೆಯ ಲೆಕ್ಕದಲ್ಲಿ ನೀವು ಉರಿಯುವ ಮನೆಯೊಳಗೆ ನಡೆದು ಹೋಗುತ್ತಿದ್ದೀರಿ. ಆ ಹೆದರಿಕೆಗೆ ವಾದ ಮದ್ದಲ್ಲ. ಬೈಬಲಿನ ವಚನಕ್ಕೆ ವಚನ ಎತ್ತಿ ನೀವು ಗೆದ್ದರೂ ಅವಳ ಅಳು ಜಾಸ್ತಿಯಾಗುತ್ತದೆ, ಅಷ್ಟೇ.

ಒಂದು ಮಾತು ಕಟ್ಟಿಟ್ಟುಕೊಳ್ಳಿ, ಪ್ರತಿಸಲ ಅದನ್ನೇ ಹೇಳಿ: "ಅಮ್ಮಾ, ನೀನು ಪ್ರಾರ್ಥನೆ ಮಾಡು, ನಾನು ಬೇಡ ಅನ್ನಲ್ಲ. ಊಟದ ಹೊತ್ತಿಗೆ ಸುಮ್ನೆ ಕೂತಿರ್ತೀನಿ. ಆದ್ರೆ ಸಭೆಗೆ ಬಾ ಅಂತ ಕರೀಬೇಡ. ಕರೆದ್ರೆ ಆವತ್ತು ಬೇಗ ಹೊರಡ್ತೀನಿ." ಕರೆದರೆ ನಿಜವಾಗಿಯೂ ಹೊರಡಿ. ಸಿಟ್ಟಿಲ್ಲದೆ, ಬಾಗಿಲು ಬಡಿಯದೆ. ಮುಂದಿನ ವಾರ ಮತ್ತೆ ಹೋಗಿ. ಮೂರ್ನಾಲ್ಕು ಸಲ ಆದ ಮೇಲೆ ಮೀನು ಸಾರಿನ ಬಗ್ಗೆ ಮಾತು ಶುರುವಾಗುತ್ತದೆ.

ಗಂಡ ಅಥವಾ ಹೆಂಡತಿ ಇನ್ನೂ ಸಭೆಯಲ್ಲಿದ್ದರೆ ಕಷ್ಟ ದೊಡ್ಡದು. ಮಕ್ಕಳನ್ನು ನಡುವೆ ಎಳೆಯಬೇಡಿ. "ಅಪ್ಪ ಸುಳ್ಳು ಹೇಳ್ತಾರೆ" ಅನ್ನುವ ಬದಲು "ಅಪ್ಪ ಹಾಗೆ ನಂಬ್ತಾರೆ, ನಾನು ಹೀಗೆ ನಂಬ್ತೀನಿ" ಅನ್ನಿ. ನರಕದ ಚಿತ್ರ ತೋರಿಸಿ ಮಕ್ಕಳನ್ನು ಹೆದರಿಸುವ ವಿಷಯದಲ್ಲಿ ಮಾತ್ರ ಬಿಟ್ಟುಕೊಡಬೇಡಿ.

ಆಸ್ತಿ ಕೊಡುವುದಿಲ್ಲ ಅಂತ ಹೆದರಿಸುವುದೂ ಉಂಟು. ಕ್ರೈಸ್ತ ಕುಟುಂಬಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ವಿಲ್ ಬರೆಯದೆ ತೀರಿಕೊಂಡರೆ, ಸಭೆಗೆ ಹೋಗುವುದಿಲ್ಲ ಅಂತ ಮಗ ಮಗಳ ಪಾಲು ತಪ್ಪುವುದಿಲ್ಲ. ಆದರೆ ತಂದೆ ತನ್ನ ಸ್ವಂತ ಆಸ್ತಿಯನ್ನು ಬೇರೆಯವರಿಗೆ ವಿಲ್ ಮಾಡಬಹುದು. ಅನುಮಾನ ಇದ್ದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ನೆರವಿನ ನಂಬರ್. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ.

7. ನಿಮ್ಮ ಕಥೆ ಕೇಳಿಕೊಂಡು ಬರುವವರ ಬಗ್ಗೆ ಹುಷಾರು

ನೀವು ಬಿಟ್ಟ ಸುದ್ದಿ ಹಬ್ಬಿದ ಮೇಲೆ ಕೆಲವರು ಹಾರ ಹಿಡಿದು ಬರುತ್ತಾರೆ. "ವೇದಿಕೆ ಮೇಲೆ ಬಂದು ಎರಡು ಮಾತಾಡಿ", "ಒಂದು ವಿಡಿಯೊ ಮಾಡೋಣ" ಅನ್ನುತ್ತಾರೆ. ನಮ್ಮ ಸಭೆಯಲ್ಲೂ ಹೊಸದಾಗಿ ಬಂದವರನ್ನು ಹೀಗೇ 'ಸಾಕ್ಷಿ' ಹೇಳಲು ನಿಲ್ಲಿಸುತ್ತಿದ್ದೆವು, ನೆನಪಿದೆಯಾ? ಆ ವಿಡಿಯೊ ನಾಳೆ ನಿಮ್ಮ ಅಮ್ಮನ ಮನೆ ಮುಂದೆ ಗಲಾಟೆಗೆ ನೆಪವಾಗಬಹುದು. ಬೇಡ ಅನ್ನಿ. ನೀವು ಸಭೆಯ ಮೇಲಿನ ಸಿಟ್ಟಿಗೆ ಹೋದರೂ ಏಟು ಬೀಳುವುದು ಗಂಜಿ ತಂದ ಆ ಸಿಸ್ಟರಿಗೆ.

ಸಭೆಗೆ ಹೋಗುವುದನ್ನು ನಿಲ್ಲಿಸಲು ಯಾರ ಅಪ್ಪಣೆಯೂ ಬೇಡ, ಅರ್ಜಿಯೂ ಬೇಡ. ಸಂವಿಧಾನದ 25ನೇ ವಿಧಿ ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಅಧಿಕೃತವಾಗಿ ಇನ್ನೊಂದು ಧರ್ಮಕ್ಕೆ ಸೇರುವುದು ಬೇರೆ ಮಾತು. ಅದಕ್ಕೆ ರಾಜ್ಯದಲ್ಲಿ 2022ರಲ್ಲಿ ಕಾಯ್ದೆ ಬಂದಿದೆ, ಸಹಿ ಹಾಕುವ ಮೊದಲು ವಕೀಲರನ್ನು ಕೇಳಿ.

ಜಾತಿ ಪ್ರಮಾಣಪತ್ರದ ಆಸೆ ತೋರಿಸಿ ಮತಾಂತರಕ್ಕೆ ಅವಸರ ಮಾಡಿಸುವವರೂ ಇದ್ದಾರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಹಿಂದೂ ಧರ್ಮಕ್ಕೆ ಹಿಂದಿರುಗಿದವರು ತಮ್ಮ ಮೂಲ ಜಾತಿ, ಮೂಲ ಧರ್ಮಕ್ಕೆ ಮರಳಿದ್ದು, ಆ ಸಮುದಾಯ ಒಪ್ಪಿಕೊಂಡದ್ದು, ಈ ಮೂರನ್ನೂ ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಮೀಸಲಾತಿಗೋಸ್ಕರ ಮಾತ್ರ ಮತಾಂತರ ಅಂತ ಕಂಡರೆ ಒಪ್ಪುವುದಿಲ್ಲ ಅಂತ 2024ರಲ್ಲೂ ಹೇಳಿದೆ. ಯಾರೋ ಒಂದು ದಿನದಲ್ಲಿ ಮಾಡಿಸಿಕೊಡುತ್ತೇನೆ ಅಂದರೆ ನಂಬಬೇಡಿ.

8. ಮದುವೆ, ಸಾವು

ಪಾಸ್ಟರ್ ಇಲ್ಲದೆ ಮದುವೆ ಹೇಗೆ? 1954ರ ವಿಶೇಷ ವಿವಾಹ ಕಾಯ್ದೆ ಇದೆ. ನೋಂದಣಿ ಕಚೇರಿಗೆ 30 ದಿನ ಮೊದಲು ನೋಟಿಸ್ ಕೊಡಬೇಕು, ಮೂವರು ಸಾಕ್ಷಿಗಳು ಬೇಕು. ನೋಟಿಸನ್ನು ಬೋರ್ಡಿಗೆ ಹಾಕುತ್ತಾರೆ, ಮನೆಯವರಿಗೆ ತಿಳಿಯಬಹುದು ಅನ್ನುವುದನ್ನು ಮೊದಲೇ ಯೋಚಿಸಿ. ಕಚೇರಿ ಮದುವೆ ಸಪ್ಪೆ ಅನ್ನಿಸಿದರೆ ನಮ್ಮ ಮಲೆನಾಡಿನದೇ ದಾರಿ ಇದೆ, ಕುವೆಂಪು ಹಾಕಿಕೊಟ್ಟ ಮಂತ್ರ ಮಾಂಗಲ್ಯ. ಪುರೋಹಿತರಿಲ್ಲ, ಆಡಂಬರ ಇಲ್ಲ, ನೆಂಟರಿಷ್ಟರ ಎದುರು ಪ್ರತಿಜ್ಞೆ ಓದಿ ಮದುವೆಯಾಗುವುದು. ನೋಂದಣಿ ಮಾತ್ರ ಮರೆಯಬೇಡಿ.

ಸಾವಿನ ವಿಷಯ ಯಾರೂ ಎತ್ತುವುದಿಲ್ಲ, ಎಲ್ಲರಿಗೂ ಒಳಗೊಳಗೇ ಇರುತ್ತದೆ. "ಸಭೆ ಬಿಟ್ಟರೆ ನಿನ್ನನ್ನು ಎಲ್ಲಿ ಹೂಳ್ತಾರೆ ನೋಡೋಣ" ಅಂತ ಮುಖಕ್ಕೇ ಕೇಳಿಸಿಕೊಂಡವರಿದ್ದಾರೆ. ನಗರಸಭೆ, ಪಂಚಾಯಿತಿಯ ಸ್ಮಶಾನಗಳಿವೆ. ದೇಹದಾನ ಮಾಡುವವರು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಒಪ್ಪಿಗೆ ಪತ್ರ ತುಂಬಬಹುದು, ಮನೆಯವರ ಸಹಿ ಕೇಳುತ್ತಾರೆ. ನಿಮಗೆ ಏನು ಬೇಕೋ ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಸಹಿ ಮಾಡಿ. ಎರಡು ಪ್ರತಿ ಮಾಡಿ. ಒಂದನ್ನು ನಿಮ್ಮ ಬೀರುವಿನಲ್ಲಿಡಿ. ಇನ್ನೊಂದನ್ನು, ಮೂರನೇ ಹಂತದಲ್ಲಿ ನಿಮಗೆ ಸಿಕ್ಕ ಆ ಒಬ್ಬರ ಕೈಗೆ ಕೊಡಿ.